ಹರಿದ ಕಿವಿಯ ಇಲಿ

"ಆ ಗುಡಾಣ ಮುಟ್ಬೇಡಿ."

ಬೆಟ್ಟಮ್ಮ ಹೇಳಿದ್ದು ಮೆಲ್ಲಗೇ. ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಶಶಿರೇಖಾ ಗುಡಾಣದ ಕಂಠಕ್ಕೆ ಕೈ ಹಾಕಿ ಆಗಿತ್ತು.

"ಯಾಕಮ್ಮ?"

"ಕುಡಿಯೋ ನೀರು. ಬೇಕಾದ್ರೆ ನಾನೇ ಬಗ್ಗಿಸ್ಕೊಡ್ತೀನಿ."

"ನೀರು ಬೇಡ. ಮಹದೇವಯ್ಯನವರೇ, ಆ ಕಡೆ ಹಿಡ್ಕೊಳ್ಳಿ."

ಹೆಡ್ ಕಾನ್‌ಸ್ಟೇಬಲ್ ಮಹದೇವಯ್ಯ ಟೋಪಿ ತೆಗೆದು ಒರಳಿನ ಮೇಲಿಟ್ಟು ಬಗ್ಗಿದ. ಇಬ್ಬರೂ ಸೇರಿ ಗುಡಾಣವನ್ನು ಎತ್ತಿ ಗೋಡೆಗೆ ಒರಗಿಸಿದರು. ಅದರಡಿ ಒದ್ದೆ ಮರಳು. ದಿನವೂ ನೀರು ಜಿನುಗಿ ಕಪ್ಪಗಾಗಿದ್ದ, ಬೆರಳಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿದ್ದ ಮರಳು.

ಶಶಿರೇಖಾ ಕೆದಕಿದಳು. ಎರಡನೇ ಸಲಕ್ಕೆ ಗಾಜು ತಾಗಿತು.

ಒಂದೊಂದಾಗಿ ಹೊರಗೆ ಬಂದವು. ಹೆಬ್ಬೆರಳುದ್ದದ ಪುಟ್ಟ ಸೀಸೆಗಳು, ಕುತ್ತಿಗೆಗೆ ಕೆಂಪು ಚೀಟಿ. ಆರು ತುಂಬಿದ್ದವು, ಐದು ಬರಿದು.

ಮಂಡ್ಯದ ಹೊರವಲಯದ ನಿತ್ಯಾಂಕುರ ಸಂಶೋಧನಾಲಯದಿಂದ ಹನ್ನೆರಡು ಸೀಸೆ ಕ್ಯಾನ್ಸರ್ ಔಷಧ ಮತ್ತು ಅದರ ದಾಸ್ತಾನು ನೋಡಿಕೊಳ್ಳುತ್ತಿದ್ದ ವಿಷ್ಣು ಎಂಬ ಹುಡುಗ ಒಟ್ಟಿಗೇ ಕಾಣೆಯಾಗಿ ಅಂದಿಗೆ ಆರು ದಿನ. ಔಷಧ ಕದ್ದು ಬೇರೆ ಕಂಪನಿಗೆ ಮಾರಲು ಓಡಿಹೋಗಿದ್ದಾನೆ ಎಂದು ಸಂಶೋಧನಾಲಯದ ಮುಖ್ಯಸ್ಥ ಡಾಕ್ಟರ್ ಸಂಪತ್ ಕುಮಾರ ದೂರು ಕೊಟ್ಟಿದ್ದರು. ಔಷಧ ಇಟ್ಟಿದ್ದ ತಣ್ಣನೆಯ ಕೋಣೆಗೆ ಹೋಗಿಬರುವವರ ಪಟ್ಟಿಯನ್ನೂ ಕೊಟ್ಟಿದ್ದರು. ನಾಲ್ಕೇ ಹೆಸರು.

ಆ ಪಟ್ಟಿಯನ್ನು ಮೂರು ದಿನ ನೋಡಿ ನೋಡಿ ಮಹದೇವಯ್ಯ ನಿನ್ನೆ ಒಂದು ಮಾತು ಕೇಳಿದ್ದ. "ಮೇಡಮ್, ಆ ರೂಮಿನ ನೆಲ ಒರ್ಸೋರ್ಯಾರು?"

ಆ ಪ್ರಶ್ನೆಯೇ ಅವರನ್ನು ಬೆಸಗರಹಳ್ಳಿಯ ಈ ಹೆಂಚಿನ ಮನೆಗೆ ಕರೆತಂದಿತ್ತು. ಆರು ವರ್ಷದಿಂದ ನೆಲ ಒರೆಸಿ, ಇಲಿಗೂಡು ತೊಳೆಯುತ್ತಿದ್ದ ಬೆಟ್ಟಮ್ಮನನ್ನು ಸಂಪತ್ ಕುಮಾರ ಪಟ್ಟಿಗೆ ಸೇರಿಸಲು ಮರೆತಿದ್ದರು. ಮರೆತಿದ್ದರು ಎನ್ನುವುದಕ್ಕಿಂತ, ಅವಳು ಅವರ ಲೆಕ್ಕಕ್ಕೇ ಬಂದಿರಲಿಲ್ಲ.

"ಕದ್ದೋಳು ನಾನೇ," ಎಂದಳು ಬೆಟ್ಟಮ್ಮ. ಐವತ್ತೆಂಟರ ಗಟ್ಟಿ ಹೆಂಗಸು. ಸೆರಗನ್ನು ಎಡಭುಜದ ಮೇಲೆ ಬಿಗಿಯಾಗಿ ಎಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. "ಆ ಹುಡುಗನ್ನ ಎಳೀಬೇಡಿ ಇದ್ಕೆ. ಶನಿವಾರ ಒರ್ಸಕ್ಕೆ ಓಗಿದ್ದೆ, ಬಕೀಟಿನಾಗೆ ಬಟ್ಟೆ ಕೆಳಗೆ ಇಟ್ಕಂಡು ಬಂದೆ. ಒಬ್ರೂ ನೋಡ್ನಿಲ್ಲ. ನಮ್ಮಂತೋರ ಬಕೀಟು ಯಾರ್ ನೋಡ್ತಾರೆ."

"ಈ ಐದು ಸೀಸೆ ಖಾಲಿ ಇದಾವಲ್ಲ, ಏನ್ ಮಾಡಿದ್ರಿ?"

ಬೆಟ್ಟಮ್ಮನ ಎಡಗೈ ತಾನಾಗಿಯೇ ಎದೆಯ ಹತ್ತಿರ ಹೋಗಿ, ಅರ್ಧದಲ್ಲಿ ನಿಂತು, ಕೆಳಗಿಳಿಯಿತು.

ಶಶಿರೇಖಾಗೆ ಅಷ್ಟು ಸಾಕಾಯಿತು. ಮಹದೇವಯ್ಯನೂ ಅರ್ಥಮಾಡಿಕೊಂಡು, ಟೋಪಿ ತೆಗೆದುಕೊಂಡು ಜಗಲಿಗೆ ಹೋದ.

"ಎಲ್ಲಿಗೆ ಚುಚ್ಕೊಂಡ್ರಿ ಅಮ್ಮ?"

"ತೊಡೆಗೆ. ಐದು ದಿನ ಐದು ಸಲ. ಎಮ್ಮೆಗೆ ನಾನೇ ಚುಚ್ತಿದ್ದೋಳು, ನಂಗೇನ್ ಭಯವಿಲ್ಲ."

ನಿನ್ನೆ ಸಂಶೋಧನಾಲಯದಲ್ಲಿ ಸಂಪತ್ ಕುಮಾರ ಹೇಳಿದ್ದು ಶಶಿರೇಖಾಗೆ ನೆನಪಾಯಿತು. ಔಷಧದ ಮೂಲ ನಿತ್ಯಪುಷ್ಪ, ಮನೆಮನೆಯ ಮುಂದೆ ಗುಲಾಬಿ ಹೂ ಬಿಡುವ ಅದೇ ಕಾಶಿಕಣಗಿಲೆ. ಅದರ ಎಲೆಯ ಸಾರಕ್ಕೆ ಕ್ಯಾನ್ಸರ್ ಕಣವನ್ನು ಕೊಲ್ಲುವ ಶಕ್ತಿ ಇದೆ. ಆದರೆ ಹಾಗೇ ಕೊಟ್ಟರೆ ಅದು ಒಳ್ಳೆಯ ಕಣವನ್ನೂ ಬಿಡುವುದಿಲ್ಲ. ಅದಕ್ಕೇ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಗುಳಿಗೆಗಳಲ್ಲಿ ಸಾರವನ್ನು ತುಂಬಿ, ಹೊರಮೈಗೆ ಗಾಳದಂಥದ್ದೊಂದು ಅಂಟಿಸುತ್ತಾರೆ. ಆ ಗಾಳ ಸ್ತನದ ಗಂಟಿನ ಕಣಕ್ಕೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಔಷಧ ಅಲ್ಲೇ ಬಿಚ್ಚಿಕೊಳ್ಳುತ್ತದೆ.

"ಒಂದು ಎಚ್ಚರಿಕೆ, ಮೇಡಮ್," ಎಂದಿದ್ದರು ಅವರು. "ಇದು ರಕ್ತನಾಳಕ್ಕೇ ಹೋಗಬೇಕು. ತಿಳಿಯದವರು ಯಾರಾದರೂ ಮಾಂಸಕ್ಕೆ ಚುಚ್ಚಿದರೆ ಆ ಜಾಗ ಸುಟ್ಟ ಹಾಗೆ ಹುಣ್ಣಾಗುತ್ತದೆ."

"ತೋರ್ಸಿ," ಎಂದಳು ಶಶಿರೇಖಾ. "ನಾನೂ ಹೆಂಗಸೇ. ಸಂಕೋಚ ಬೇಡ."

ಬೆಟ್ಟಮ್ಮ ಸೀರೆ ಸರಿಸಿದಳು. ತೊಡೆಯ ಮೇಲೆ ಸೂಜಿ ಚುಚ್ಚಿದ ಐದು ಗುರುತು. ಸೊಳ್ಳೆ ಕಡಿದಷ್ಟು. ಊತ ಇಲ್ಲ, ಕೆಂಪಿಲ್ಲ, ಸುಟ್ಟ ಕಲೆಯಂತೂ ಇಲ್ಲವೇ ಇಲ್ಲ.

ಮೊದಲು ಬಂದದ್ದು ನಿಟ್ಟುಸಿರು. ಅದರ ಹಿಂದೆಯೇ ಬಂದದ್ದು ಅನುಮಾನ.

"ಉರಿ ಆಗಲಿಲ್ವಾ?"

"ಇಲ್ಲ ಕಣವ್ವ. ಅದ್ಕೇ ಅಲ್ವಾ ಇದು ಒಳ್ಳೇ ಔಸ್ದಿ ಅನ್ನೋದು." ಬೆಟ್ಟಮ್ಮ ಸೀರೆ ಸರಿಮಾಡಿಕೊಂಡು, ಶಶಿರೇಖಾಳನ್ನೂ ಕೂರಿಸಿ, ಚಾಪೆಯ ಮೇಲೆ ಕುಳಿತಳು. ಈಗ ಮಾತು ತಾನಾಗಿ ಬಂತು. "ನಮ್ಮಕ್ಕ ಚಿಕ್ಕಬೋರಮ್ಮಂಗೂ ಇದೇ ಬಂದಿತ್ತು. ಬಾಟ್ಲಿ ಔಸ್ದಿ ಏರ್ಸಿದ್ರು. ಕೂದ್ಲು ಓಯ್ತು, ನಾಲಿಗೆ ಸುಟ್ಟೋಯ್ತು, ಗಂಜಿ ಇಳೀನಿಲ್ಲ. ಕಾಯ್ಲೆ ತಿಂತೋ ಔಸ್ದಿ ತಿಂತೋ, ಮೂರು ತಿಂಗ್ಳಿಗೆ ಮಣ್ಣು ಮಾಡುದ್ವು. ನಂಗೂ ಗಂಟು ಕಾಣ್ಸುದಾಗ ಮಂಡ್ಯದ ದೊಡ್ಡಾಸ್ಪತ್ರೆಗೆ ಓದೆ. ಆಪರೇಸನ್ನು ಬೇಗ ಆಗ್ಬೇಕು, ಆಮ್ಯಾಕೆ ಬಾಟ್ಲಿ ಏರ್ಸ್ತೀವಿ ಅಂದ್ರು. ಬತ್ತೀನಿ ಅಂದ್ಬುಟ್ಟು ಎದ್ದು ಬಂದೋಳು ತಿರ್ಗಾ ಓಗ್ನಿಲ್ಲ. ಎಲ್ಡು ತಿಂಗ್ಳಾಯ್ತು."

"ಲ್ಯಾಬಿನ ಔಷಧ ಕೆಲಸ ಮಾಡುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಏಳ್ನಿಲ್ಲ. ಸಾಹೇಬ್ರು ದೊಡ್ಡೋರು ಬಂದಾಗೆಲ್ಲ ಇಂಗ್ಲೀಸಿನಾಗೂ ಕನ್ನಡದಾಗೂ ಅದ್ನೇ ಏಳೋರು. ಗಂಟಿಗೆ ಮಾತ್ರ ತಾಗ್ತದೆ, ಕೂದ್ಲಿಗೆ ತಾಗಲ್ಲ, ಒಟ್ಟೆಗೆ ತಾಗಲ್ಲ ಅಂತ. ನಾನು ನೆಲ ಒರ್ಸ್ಕಂಡೇ ಕೇಳುಸ್ಕಂಡಿವ್ನಿ. ಆದ್ರೂ ಮಾತು ನಂಬ್ನಿಲ್ಲ. ಕಣ್ಣಾರೆ ನೋಡುದ್ಮೇಲೆ ನಂಬ್ದೆ."

"ಏನು ನೋಡಿದ್ರಿ?"

"ಕೆಂಪು ಚೀಟಿ ಗೂಡಿನಾಗೆ ಒಂದು ಇಲಿ ಇತ್ತು. ಎಡಗಿವಿ ಅರ್ಧ ಅರಿದೋಗಿತ್ತು, ಇನ್ನೊಂದು ಇಲಿ ಕಚ್ಚಿ. ಪಕ್ಕೇಲಿ ಕಡ್ಲೆಕಾಯಷ್ಟು ಗಂಟು. ನಡಿಯಕ್ಕಾಗ್ದೆ ವಾಲ್ಕಂಡು ನಡಿಯೋದು. ದಿನಾ ಅದ್ನೇ ನೋಡ್ತಿದ್ದೆ, ನಂದೇ ಅನ್ನೋ ಅಂಗೆ." ಬೆಟ್ಟಮ್ಮನ ಮುಖ ಒಂದು ಕ್ಷಣ ಬೆಳಗಿತು. "ಭಾನುವಾರದ ರಜ ಮುಗ್ಸ್ಕಂಡು ಸೋಮವಾರ ಗೂಡು ತೊಳ್ಯಕ್ಕೆ ಓಯ್ತೀನಿ, ಗಂಟಿಲ್ಲ. ಓಡಾಡ್ತಾ ಅದೆ. ಗಂಟು ಬುಡಿ ಮೇಡಮ್ಮೋರೆ, ಅರಿದಿದ್ದ ಕಿವೀನೂ ಕೂಡ್ಕಂಡದೆ. ಗಾಯ ಆಗಿತ್ತು ಅಂತ್ಲೇ ಗೊತ್ತಾಗ್ದಂಗೆ. ಆವತ್ತೇ ತೀರ್ಮಾನ ಮಾಡ್ದೆ. ಇಲೀನೇ ಬದುಕ್ತು, ನಾನ್ಯಾಕೆ ಸಾಯ್ಬೇಕು."

ಗಂಟು ಕರಗಬಹುದು. ಅದಕ್ಕೆ ಔಷಧ ಇದೆ. ಆದರೆ ಹರಿದುಹೋದ ಕಿವಿ ಹೊಸದಾಗಿ ಬೆಳೆಯುವುದು ಹೇಗೆ, ಅದೂ ಒಂದು ಭಾನುವಾರದೊಳಗೆ?

"ಈ ಕಿವಿ ವಿಚಾರ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ವಿಷ್ಣಪ್ಪಂಗೆ ಏಳ್ದೆ. ಇಲ್ಲೇ, ನೀವು ಕುಂತಿದ್ದೀರಲ್ಲ, ಅಲ್ಲೇ ಕುಂತಿದ್ದ."

"ವಿಷ್ಣು ಇಲ್ಲಿಗೆ ಬಂದಿದ್ನಾ?"

"ಮಾರ್ನೇ ದಿನ, ಭಾನುವಾರ. ಅವ್ನು ಬಲು ಸೂಕ್ಷ್ಮ. ನಂದೇ ಕೆಲ್ಸ ಅಂತ ಗೊತ್ತುಮಾಡ್ಕಂಡು ಬಂದ. ಬೈತಾನೆ ಅನ್ಕಂಡಿದ್ದೆ. ಬೈನಿಲ್ಲ. 'ಅಮ್ಮ, ನನ್ನ ಕೇಳ್ಬೋದಿತ್ತಲ್ಲ, ನಾನೇ ಆಸ್ಪತ್ರೆಗೆ ಕರ್ಕಂಡು ಓಯ್ತಿದ್ದೆ' ಅಂದ. ಆಮ್ಯಾಕೆ ಒಂದು ಸೀಸೆ ತಗಂಡು ಆ ಒಳಗಿನ ಕ್ವಾಣೆಗೆ ಓಗಿ, ಹೆಂಚಿನ ಸಂದೀಲಿ ಬೀಳ್ತದಲ್ಲ ಬಿಸ್ಲು, ಅದ್ಕೆ ಇಡ್ದು ನೋಡ್ದ. ಒಂದಲ್ಲ, ನಾಕೈದು ಸೀಸೆ ನೋಡ್ದ. ಮೊಕ ಸುಣ್ಣ ಆಗೋಯ್ತು."

ಶಶಿರೇಖಾ ಎದ್ದಳು. "ಮನೇಲಿ ಹಾಲಿದ್ಯಾ?"

"ಕಾಪಿ ಮಾಡ್ಲಾ?"

"ಒಂದು ಲೋಟ ನೀರು, ಒಂದು ತೊಟ್ಟು ಹಾಲು. ಅಷ್ಟೇ. ಗಾಜಿನ ಲೋಟ ಇದ್ರೆ ಕೊಡಿ."

ಒಳಗಿನ ಕೋಣೆ ಕತ್ತಲು. ರಾಗಿ ಚೀಲ, ಹಳೆಯ ಟ್ರಂಕು. ಒಡೆದ ಹೆಂಚಿನ ಸಂದಿಯಿಂದ ಹನ್ನೊಂದು ಗಂಟೆಯ ಬಿಸಿಲು ಬೆರಳು ದಪ್ಪದ ಕೋಲಿನಂತೆ ನೆಲಕ್ಕೆ ಇಳಿದಿತ್ತು.

ನಿನ್ನೆ ಸಂಪತ್ ಕುಮಾರ ತಮ್ಮ ಮೇಜಿನ ಮೇಲಿದ್ದ ಸೀಸೆಯೊಂದಕ್ಕೆ ಕೆಂಪು ಲೇಸರ್ ಬೆಳಕು ಹಾಯಿಸಿ ತೋರಿಸಿದ್ದರು. ಸೀಸೆಯೊಳಗೆ ಬೆಳಕು ಕೆಂಪು ದಾರದಂತೆ ಎದ್ದು ಕಂಡಿತ್ತು. ಬರೀ ನೀರಿನಲ್ಲಿ ಬೆಳಕಿನ ದಾರಿ ಕಾಣುವುದಿಲ್ಲ, ಒಳಗೆ ಕಣಗಳಿದ್ದರೆ ಮಾತ್ರ ಕಾಣುತ್ತದೆ, ನಮ್ಮ ಗುಳಿಗೆಗಳು ಅಲ್ಲಿವೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ಹೆಮ್ಮೆಯಿಂದ ಹೇಳಿದ್ದರು.

ಶಶಿರೇಖಾ ಮೊದಲು ಹಾಲು ಬೆರೆಸಿದ ನೀರಿನ ಲೋಟವನ್ನು ಬಿಸಿಲುಕೋಲಿಗೆ ಹಿಡಿದಳು. ಲೋಟದೊಳಗೆ ಬೆಳಕು ಬಿಳಿ ಹಗ್ಗದಂತೆ ನಿಂತಿತು.

ಆಮೇಲೆ ಕೆಂಪು ಚೀಟಿಯ ಸೀಸೆ ಹಿಡಿದಳು. ಬೆಳಕು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟಿತು. ನಡುವೆ ಏನೂ ಕಾಣಲಿಲ್ಲ.

ಎರಡನೆಯದು. ಮೂರನೆಯದು. ಆರೂ ಸೀಸೆ ಹಾಗೇ.

ಅವಳು ಬಾಗಿಲಿಗೆ ತಿರುಗಿದಳು. ಬೆಟ್ಟಮ್ಮ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ವಿಜ್ಞಾನ ಗೊತ್ತಿರಲಿಲ್ಲ, ಎದುರಿನವರ ಮುಖ ಓದುವುದು ಗೊತ್ತಿತ್ತು.

"ವಿಷ್ಣಪ್ಪನ ಮೊಕಾನೂ ಇಂಗೇ ಆಗಿತ್ತು," ಎಂದಳು. "ಏನದು? ಏಳಿ."

"ಕೂತ್ಕೊಳ್ಳಿ ಅಮ್ಮ."

"ನಿಂತೇ ಕೇಳ್ತೀನಿ."

"ಇದರಲ್ಲಿ ಔಷಧ ಇಲ್ಲ. ನೀರು. ಉಪ್ಪುನೀರು ಇರಬಹುದು, ಪರೀಕ್ಷೆಗೆ ಕಳಿಸ್ತೀನಿ. ಆದರೆ ಔಷಧ ಅಲ್ಲ."

"ಇಲಿ?"

"ಅದು ಬೇರೆ ಇಲಿ ಅಮ್ಮ. ಗಂಟಿದ್ದ ಇಲಿಯನ್ನ ತೆಗೆದು, ಆರೋಗ್ಯವಾಗಿರೋ ಇಲಿಯನ್ನ ಅದೇ ಗೂಡಿಗೆ ಬಿಟ್ಟಿದ್ದಾರೆ. ಕಿವಿ ಕೂಡ್ಕೊಳ್ಳಲಿಲ್ಲ. ಇಲಿಯೇ ಬದಲಾಗಿತ್ತು."

ಹಿತ್ತಿಲಲ್ಲಿ ಕೋಳಿ ಕೆದಕುವ ಸದ್ದು ಕೇಳುತ್ತಿತ್ತು.

"ಗಂಟು ಸಣ್ಣಗಾಗ್ಯದೆ ಅನ್ಕಂಡಿದ್ದೆ," ಎಂದಳು ಬೆಟ್ಟಮ್ಮ. "ದಿನಾ ಬೆಳಿಗ್ಗೆ ಮುಟ್ಟಿ ನೋಡ್ಕತಿದ್ದೆ. ನೆನ್ನೆಗಿಂತ ಇವತ್ತು ಸಣ್ಣಗದೆ ಅಂತ್ಲೇ ಅನ್ನುಸ್ತಿತ್ತು." ಹೊಸ್ತಿಲ ಮೇಲೆ ಕುಸಿದಂತೆ ಕುಳಿತಳು. "ವಿಷ್ಣಪ್ಪಂಗೆ ಗೊತ್ತಾಗಿತ್ತಲ್ಲ. ಏಳ್ಬೋದಿತ್ತು ನಂಗೆ."

"ಹೇಳಿದ್ರೆ ನಂಬ್ತಿದ್ರಾ?"

ಬೆಟ್ಟಮ್ಮ ಯೋಚಿಸಿದಳು. "ಇಲ್ಲ."

ಶಶಿರೇಖಾ ಅವಳ ಪಕ್ಕದಲ್ಲೇ ಕುಳಿತಳು. ಅವಳ ತಲೆಯಲ್ಲಿ ಸಂಪತ್ ಕುಮಾರರ ಇನ್ನೊಂದು ಮಾತು ಸುತ್ತುತ್ತಿತ್ತು. ಇಲಿಗಳ ಫಲಿತಾಂಶ ನೋಡಿ ಅನುಮತಿ ಸಿಕ್ಕಿದೆ. ಬರುವ ತಿಂಗಳು ನಲವತ್ತು ಹೆಂಗಸರಿಗೆ ಈ ಔಷಧ ಕೊಟ್ಟು ನೋಡುತ್ತಾರೆ. ನಲವತ್ತು ಬೆಟ್ಟಮ್ಮಂದಿರು. ಅವರಲ್ಲಿ ಎಷ್ಟು ಜನ ಆಪರೇಷನ್ ಬಿಟ್ಟು ಈ ಕೆಂಪು ಚೀಟಿಗೆ ಕಾದು ಕುಳಿತಿದ್ದಾರೋ.

ಇಲಿ ಬದಲಿಸಿದವರು ಯಾರು? ಮುಖ್ಯಸ್ಥರೇ? ಅಥವಾ ಅವರಿಗೂ ತಿಳಿಯದಂತೆ ಪಟ್ಟಿಯಲ್ಲಿರುವ ಉಳಿದವರೇ? ಸುಳ್ಳೆಂದು ಗೊತ್ತಿದ್ದವರು ಬೆಳಕಿನ ಪರೀಕ್ಷೆಯನ್ನು ಪೊಲೀಸರಿಗೆ ತಾವಾಗಿಯೇ ಕಲಿಸಿಕೊಡುತ್ತಾರೆಯೇ?

"ಇಲ್ಲಿಂದ ಹೊರಟ ವಿಷ್ಣು ಎಲ್ಲಿಗೆ ಹೋದ?"

"ಸೊಪ್ಪು ಯಾವಾಗಿಂದ ಬಂದಿಲ್ಲ ಅಂತ ಕೇಳ್ದ. ಸಂಕ್ರಾಂತಿಯಿಂದ ಬಂದಿಲ್ಲ ಅಂದೆ. ಒಣಗ್ಸೋ ಕ್ವಾಣೆ ಗುಡ್ಸೋಳು ನಾನೇ, ಒಂದು ತರಗೆಲೆ ಬಿದ್ದಿಲ್ಲ. 'ಸೊಪ್ಪಿಲ್ದೆ ಔಸ್ದಿ ಎಲ್ಲಿಂದ ಮಾಡುದ್ರು' ಅಂತ ತನ್ಗ್ ತಾನೇ ಏಳ್ಕಂಡ. ಒಂದು ಸೀಸೆ ಜೋಬಿಗಾಕ್ಕಂಡ. ಮಳವಳ್ಳಿ ಕೆಂಪಸಿದ್ದಯ್ಯನ ತಾವ ಓಯ್ತೀನಿ ಅಂದ. ನಮ್ಗೆ ನಿತ್ಯಪುಷ್ಪ ಬೆಳ್ಕೊಡೋನು. ಬರುವಾಗ್ಲೇ ಕೈಯಾಗೆ ಒಂದು ಡಬ್ಬ ಇತ್ತು, ತೂತು ತೂತಿಂದು. ಒಳಗೇನೋ ಸರಸರ ಅಂತಿತ್ತು."

ಶಶಿರೇಖಾ ಮತ್ತು ಜಗಲಿಯಲ್ಲಿದ್ದ ಮಹದೇವಯ್ಯ ಒಬ್ಬರನ್ನೊಬ್ಬರು ನೋಡಿಕೊಂಡರು. ಡಬ್ಬದಲ್ಲಿದ್ದದ್ದು ಏನೆಂದು ಇಬ್ಬರಿಗೂ ಹೊಳೆದಿತ್ತು.

"ನನ್ನ ಜೈಲಿಗಾಕ್ತೀರಾ?" ಬೆಟ್ಟಮ್ಮ ಕೇಳಿದಳು.

"ಮೊದಲು ಆಸ್ಪತ್ರೆ. ಇವತ್ತೇ. ನಮ್ಮ ಕಾನ್‌ಸ್ಟೇಬಲ್ ಅರ್ಪಿತ ಅಂತ, ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತಾಳೆ. ನಿಮ್ಮ ಜೊತೇಲೇ ಇರ್ತಾಳೆ."

"ಕೂದ್ಲು ಓಯ್ತದಾ?"

"ಹೋಗಬಹುದು. ಮತ್ತೆ ಬೆಳೆಯುತ್ತೆ."

ಬೆಟ್ಟಮ್ಮ ತಲೆ ಆಡಿಸಿದಳು. "ಆಯ್ತು. ಕರ್ಕಂಡು ಓಗಕ್ಕೆ ಯಾರ್ನೋ ಕಳ್ಸ್ಬೇಡಿ. ಹೆಣ್ಣು ಪೊಲೀಸ್ನೇ ಕಳ್ಸಿ. ಓಯ್ತೀನಿ."

ಶಶಿರೇಖಾ ಅಲ್ಲಿಂದಲೇ ಅರ್ಪಿತಳಿಗೆ ಫೋನ್ ಮಾಡಿದಳು. ಮಂಡ್ಯದಲ್ಲಿ ಕೋರ್ಟ್ ಕೆಲಸ ಮುಗಿಸಿ ಎರಡು ಗಂಟೆಯೊಳಗೆ ಬರುತ್ತೇನೆ ಎಂದಳು ಅವಳು.

ಜೀಪು ಮದ್ದೂರು ದಾಟಿ ಮಳವಳ್ಳಿ ರಸ್ತೆ ಹಿಡಿಯಿತು. ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಟ್ರಾಕ್ಟರುಗಳ ಸಾಲು. ಮಹದೇವಯ್ಯ ಎಷ್ಟು ಹಾರ್ನ್ ಹೊಡೆದರೂ ಸಾಲು ಕದಲಲಿಲ್ಲ.

"ಮೇಡಮ್, ಒಂದು ಮಾತು. ಹುಡುಗ ಕಳ್ಳ ಅಲ್ಲ ಅನ್ನೋದಾದ್ರೆ, ಆರು ದಿನದಿಂದ ಯಾಕೆ ಬಚ್ಚಿಟ್ಕಂಡವ್ನೆ? ಸೀದಾ ಸ್ಟೇಷನ್ನಿಗೆ ಬರ್ಬೋದಿತ್ತಲ್ಲ."

"ಬರೋ ಹೊತ್ತಿಗೆ ಅವನ ಮೇಲೇ ದೂರು ಬಿದ್ದಿತ್ತು. ಯಾರನ್ನ ನಂಬ್ತಾನೆ?"

"ಬದುಕಿದ್ರೆ ಸರಿ," ಎಂದ ಮಹದೇವಯ್ಯ.

ಮಳವಳ್ಳಿಯಿಂದ ಮೂರು ಮೈಲಿ ಆಚೆ, ನಾಲೆಯ ಏರಿಯ ಕೆಳಗೆ ಕೆಂಪಸಿದ್ದಯ್ಯನ ಹೊಲ. ಒಂದು ಎಕರೆ ತುಂಬ ನಿತ್ಯಪುಷ್ಪ ಗುಲಾಬಿ ಬಣ್ಣಕ್ಕೆ ಅರಳಿ ನಿಂತಿತ್ತು. ಕೊಯ್ಯುವವರಿಲ್ಲದೆ ಗಿಡಗಳು ಸೊಂಟದೆತ್ತರ ಬೆಳೆದಿದ್ದವು. ಪಂಪ್‌ಸೆಟ್ ಮನೆಯ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ ಮುದುಕ ಖಾಕಿ ಕಂಡು ಎದ್ದು ನಿಂತ.

"ಬನ್ನಿ ಬನ್ನಿ. ಎಳನೀರು ಕೆಡವ್ಲಾ?"

"ಬೇಡ ಯಜಮಾನ್ರೇ. ವಿಷ್ಣು ಅಂತ ಒಬ್ಬ ಹುಡುಗ ಇಲ್ಲಿಗೆ ಬಂದಿದ್ನಾ?"

"ಬಂದಿದ್ದ. ಐದು ದಿನ ಇಲ್ಲೇ ಇದ್ದ, ಈ ಪಂಪಿನ ಮನೇಲಿ." ಕೆಂಪಸಿದ್ದಯ್ಯ ಬಾಗಿಲು ತಳ್ಳಿ ತೋರಿಸಿದ. ಒಳಗೆ ಚಾಪೆ, ತಟ್ಟೆ, ಮಡಿಸಿಟ್ಟ ಹೊದಿಕೆ. "ಸೊಪ್ಪು ತಗಳೋದು ಯಾವಾಗ ನಿಲ್ಸುದ್ರು ಅಂತ ಕೇಳ್ದ, ಏಳ್ದೆ. ಅದ್ನ ಬರ್ಕಂಡ. ಒಂದು ಡಬ್ಬದಾಗೆ ಬಿಳೀ ಇಲಿ ತಂದಿದ್ದ, ಕಿವಿ ಅರಿದಿದ್ದು. ಸಾಯೋ ಅಂಗಿತ್ತು. ರಾಗಿ ಕಾಳು ಆಕಿ ಸಾಕ್ದ. ಯಾಕಪ್ಪ ಅಂದ್ರೆ, ಇದು ಬದುಕಿದ್ರೆ ನಾನೂ ಬದುಕ್ತೀನಿ ತಾತ ಅನ್ನೋನು."

"ಈಗ ಎಲ್ಲಿದ್ದಾನೆ?"

ಮುದುಕ ಹುಬ್ಬು ಗಂಟಿಕ್ಕಿ ಅವರಿಬ್ಬರನ್ನೂ ನೋಡಿದ. "ಇದೇನ್ ಕೇಳ್ತೀರಿ. ನೆನ್ನೆ ಸಂದೆ ನಿಮ್ಮೋರೇ ಬಂದು ಕರ್ಕಂಡು ಓದ್ರಲ್ಲ. ಹೆಣ್ಮಗ್ಳು, ಖಾಕಿ ಆಕಿದ್ರು. ಬಿಳೀ ಕಾರು. ನಿನ್ನ ಮ್ಯಾಲಿನ ಕೇಸು ಸುಳ್ಳು ಅಂತ ಗೊತ್ತಾಗ್ಯದೆ, ರಕ್ಸಣೆ ಕೊಡ್ತೀವಿ ಬಾ ಅಂದ್ರು. ಹುಡುಗ ಕಣ್ಣೀರು ಆಕ್ಬುಟ್ಟ. ಇಲಿ ಡಬ್ಬಾನೂ ತಗಂಡ್ರು. ನಾನು ಸುಮ್ಕೆ ಬುಡ್ಲಿಲ್ಲ, ಬರ್ಕೊಡಿ ಅಂದೆ. ಬರ್ಕೊಟ್ರು."

ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟ.

ಶಶಿರೇಖಾ ಬಿಡಿಸಿ ಓದಿದಳು. ವ್ಯಕ್ತಿ ಒಬ್ಬ, ಇಲಿ ಒಂದು, ವಿಚಾರಣೆಗಾಗಿ ವಶಕ್ಕೆ. ನಿನ್ನೆಯ ತಾರೀಕು. ಕೆಳಗೆ ದುಂಡಗೆ, ತಪ್ಪಿಲ್ಲದೆ ಬರೆದಿತ್ತು: ಶಶಿರೇಖಾ, ಸಬ್ ಇನ್ಸ್‌ಪೆಕ್ಟರ್.

ಕಾಗದವನ್ನು ಮಹದೇವಯ್ಯನ ಕೈಗೆ ಕೊಟ್ಟಳು. ಅವನು ಎರಡು ಸಲ ಓದಿದ.

"ಯಜಮಾನ್ರೇ," ಶಶಿರೇಖಾಳ ದನಿ ತಗ್ಗಿತ್ತು, "ಆ ಹೆಣ್ಣುಮಗಳು ಹುಡುಗನ ಹತ್ರ ಬೇರೆ ಏನಾದ್ರೂ ಕೇಳಿದ್ಲಾ? ನೆನಪು ಮಾಡ್ಕೊಂಡು ಹೇಳಿ."

"ಒಂದೇ ಮಾತು ಕೇಳುದ್ರು, ಕಾರು ಅತ್ತೋವಾಗ. ಈ ಇಲಿ ವಿಚಾರ ನಿನ್ ಬುಟ್ಟು ಇನ್ಯಾರ್ಗೆ ಗೊತ್ತು ಅಂತ. ಹುಡುಗ ಏಳ್ದ, ಬೆಸಗರಳ್ಳಿ ಬೆಟ್ಟಮ್ಮಂಗೆ ಗೊತ್ತು, ಪಾಪ ಅವ್ರ್ಗೂ ಗಂಟಾಗ್ಯದೆ, ಆಸ್ಪತ್ರೆಗೆ ಸೇರ್ಸ್ಬೇಕು ಅಂತ."

ಶಶಿರೇಖಾ ಫೋನ್ ತೆಗೆದಳು. ನೆಟ್‌ವರ್ಕ್ ಇರಲಿಲ್ಲ. ನಾಲೆಯ ಏರಿಯನ್ನು ಓಡಿ ಹತ್ತಿದಳು. ಏರಿಯ ಮೇಲೆ ನಿಲ್ಲುವಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ಅರ್ಪಿತ.

"ಮೇಡಮ್, ನಾನು ಬೆಸಗರಹಳ್ಳಿಯಲ್ಲಿದ್ದೀನಿ. ಬೆಟ್ಟಮ್ಮನವರ ಮನೆಗೆ ಬೀಗ ಹಾಕಿದೆ."

"ಅಕ್ಕಪಕ್ಕ ಕೇಳು."

"ಕೇಳ್ದೆ ಮೇಡಮ್. ಬಟ್ಟೆ ಗಂಟು ಕಟ್ಕೊಂಡು ಜಗಲಿ ಮೇಲೆ ನನಗೇ ಕಾಯ್ತಾ ಕೂತಿದ್ರಂತೆ. ಅರ್ಧ ಗಂಟೆ ಮುಂಚೆ ಒಂದು ಬಿಳೀ ಕಾರು ಬಂತಂತೆ. ಖಾಕಿ ಹಾಕಿದ್ದ ಹೆಂಗಸು ಇಳಿದು, ಶಶಿರೇಖಾ ಮೇಡಮ್ ಕಳಿಸಿದ್ದಾರೆ, ಆಸ್ಪತ್ರೆಗೆ ಹೋಗೋಣ ಬನ್ನಿ ಅಂದಳಂತೆ. ಬೆಟ್ಟಮ್ಮ ಒಂದು ಮಾತೂ ಕೇಳದೆ ಹತ್ತಿ ಕೂತ್ರಂತೆ."